ಅವರದ್ದು, ಇವರದ್ದು, ಅದರದ್ದು: ಮೈಕಲ್ ಸ್ವಾನ್ ಅವರ ‘ಪ್ರಾಕ್ಟಿಕಲ್ ಇಂಗ್ಲಿಷ್ ಯೂಸೇಜ್’

ಧಾರವಾಡದಲ್ಲಿ ಕನ್ನಡ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದ ಮಾಡುವುದು ನನ್ನ ಕೆಲಸ. ಉತಾರ (ಜಮೀನಿನ ಪಹಣಿ), ವಾಟ್ನಿ ಪತ್ರ (ಆಸ್ತಿಯ ಪಾಲು ಪತ್ರ), ವಂಶವೃಕ್ಷ, ಬಾಡಿಗೆ ಕರಾರು, ಓದಲು ಹೊರದೇಶಕ್ಕೆ ಹೊರಟ ಮಕ್ಕಳಿಗಾಗಿ ಅಪ್ಪ ಅಮ್ಮ ಮಾಡಿಸುವ ಅಫಿಡವಿಟ್. ಕಾಗದ ಯಾವುದೇ ಇರಲಿ, ಅದರೊಳಗಿನ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಯಾವುದು ಯಾರದ್ದು? ಯಾರು ಯಾರಿಗೆ ಏನಾಗಬೇಕು? ಹಾಗಾಗಿ ಇಂಗ್ಲಿಷಿನಲ್ಲಿ ಒಡೆತನ ಮತ್ತು ಸಂಬಂಧ ಹೇಳುವ ಮಾತುಗಳ ಜೊತೆ ನನಗೆ ದಿನವೂ ಕೆಲಸ. ಈ ಪುಸ್ತಕವನ್ನೂ ಆ ಒಂದು ಕಡೆಯಿಂದಲೇ ನೋಡಿ ಬರೆಯುತ್ತಿದ್ದೇನೆ. ಉಳಿದ ವ್ಯಾಕರಣದ ಬಗ್ಗೆ ಬೇರೆಯವರು ಬರೆಯಲಿ.

ಪುಸ್ತಕದ ಹೆಸರು ‘ಪ್ರಾಕ್ಟಿಕಲ್ ಇಂಗ್ಲಿಷ್ ಯೂಸೇಜ್’. ಬರೆದವರು ಮೈಕಲ್ ಸ್ವಾನ್. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಇದನ್ನು ಮೊದಲು ಪ್ರಕಟಿಸಿದ್ದು 1980ರಲ್ಲಿ. ನನ್ನ ಹತ್ತಿರ ಇರುವುದು 2016ರ ನಾಲ್ಕನೇ ಆವೃತ್ತಿ. ಇದು ಪಾಠದ ಪುಸ್ತಕ ಅಲ್ಲ. ಮೊದಲ ಪುಟದಿಂದ ಕೊನೆಯವರೆಗೆ ಯಾರೂ ಓದುವುದಿಲ್ಲ. ಅನುಮಾನ ಬಂದಾಗ ತೆಗೆದು ನೋಡುವ ಪುಸ್ತಕ.

ಕನ್ನಡದವರಿಗೆ ಈ ವಿಷಯ ಯಾಕೆ ಇಷ್ಟು ಕಾಡುತ್ತದೆ ಅಂತ ಮೊದಲು ಹೇಳಬೇಕು. ನಮ್ಮ ಷಷ್ಠಿ ವಿಭಕ್ತಿ ಎಲ್ಲ ಕೆಲಸವನ್ನೂ ಒಂದೇ ಮಾಡಿಬಿಡುತ್ತದೆ. ರಾಮಪ್ಪನ ಮನೆ, ಮೇಜಿನ ಕಾಲು, ಹಸುವಿನ ಹಾಲು, ನಿನ್ನೆಯ ಪೇಪರ್, ಗಾಂಧೀಜಿಯ ಫೋಟೋ, ಹತ್ತು ನಿಮಿಷದ ದಾರಿ. ಎಲ್ಲದಕ್ಕೂ ಅದೇ ‘ಅ’, ಅದೇ ‘ಇನ’. ಇಂಗ್ಲಿಷಿನಲ್ಲಿ ಇವೇ ಮೂರು ದಾರಿಗಳಾಗಿ ಒಡೆಯುತ್ತವೆ. ಒಂದು, ಅಪಾಸ್ಟ್ರಫಿ ಎಸ್, ಅಂದರೆ ಮೇಲ್ಗಡೆ ಹಾಕುವ ಸಣ್ಣ ಚಿಹ್ನೆಯ ಜೊತೆ ಬರುವ ‘’s’. ಎರಡು, ‘ಆಫ್’. ಮೂರು, ಎರಡು ನಾಮಪದಗಳನ್ನು ಸುಮ್ನೆ ಪಕ್ಕ ಪಕ್ಕ ಇಡುವುದು. ‘ರಾಮಪ್ಪಾಸ್ ಹೌಸ್’, ‘ದ ಟಾಪ್ ಆಫ್ ದ ಪೇಜ್’, ‘ಟೇಬಲ್ ಲೆಗ್’. ಯಾವುದು ಎಲ್ಲಿ ಅನ್ನುವುದೇ ತೊಡಕು.

ಈ ಮೂರಕ್ಕೂ ಸ್ವಾನ್ ಕೊಡುವ ದಾರಿ ನೇರವಾಗಿದೆ. ಮೊದಲ ಪದ ಮನುಷ್ಯನೋ ಪ್ರಾಣಿಯೋ ಆಗಿದ್ದು, ವಿಷಯ ಒಡೆತನ, ಸಂಬಂಧ ಅಥವಾ ದೇಹದ ಭಾಗವಾಗಿದ್ದರೆ ಸಾಮಾನ್ಯವಾಗಿ ಅಪಾಸ್ಟ್ರಫಿ ಎಸ್. ದೇಶ, ಸಂಸ್ಥೆ ಇಂಥವುಗಳಿಗೂ ಅದು ನಡೆಯುತ್ತದೆ. ವಸ್ತುಗಳಿಗೆ ‘ಆಫ್’ ಜಾಸ್ತಿ. ಒಂದು ಬಗೆಯ ವಸ್ತುವಿಗೆ ಹೆಸರಿಡುವಾಗ ಪಕ್ಕ ಪಕ್ಕ ಇಡುವುದು. ತಪ್ಪು ರೂಪವನ್ನೂ ಸರಿ ರೂಪದ ಪಕ್ಕದಲ್ಲೇ, ಹೊಡೆದು ಹಾಕಿ ತೋರಿಸಿರುತ್ತಾರೆ. ನನಗೆ ಈ ಪುಸ್ತಕದಲ್ಲಿ ತುಂಬ ಹಿಡಿಸಿದ ಪದ್ಧತಿ ಇದು. ‘ದ ಹೌಸ್ ಆಫ್ ಮೈ ಫಾದರ್’ ಅಂತ ನಮ್ಮವರು ಬರೆಯುವ ರೂಪ ಎದುರಿಗೇ ಹೊಡೆದು ಹಾಕಿದ್ದರೆ ಇನ್ನು ವಾದವೇ ಇಲ್ಲ ಅಲ್ವಾ?

ಇದು ನನ್ನ ಕೆಲಸಕ್ಕೆ ಹೇಗೆ ಒದಗುತ್ತದೆ ನೋಡಿ. ವಾಟ್ನಿ ಪತ್ರದಲ್ಲಿ ಇಂಥ ಒಂದು ಸಾಲು ಇರುತ್ತದೆ: ‘ಅರ್ಜಿದಾರರ ತಂದೆಯ ಜಮೀನಿನ ಪೂರ್ವದ ಗಡಿ’. ನಾಲ್ಕು ಷಷ್ಠಿಗಳು ಸಾಲಾಗಿ ನಿಂತಿವೆ. ಕನ್ನಡದಲ್ಲಿ ಓದುವಾಗ ಎಲ್ಲೂ ಎಡವುವುದಿಲ್ಲ. ಇಂಗ್ಲಿಷಿನಲ್ಲಿ ಎಲ್ಲದಕ್ಕೂ ‘ಆಫ್’ ಹಾಕಿದರೆ ‘ದ ಈಸ್ಟರ್ನ್ ಬೌಂಡರಿ ಆಫ್ ದ ಲ್ಯಾಂಡ್ ಆಫ್ ದ ಫಾದರ್ ಆಫ್ ದ ಅಪ್ಲಿಕೆಂಟ್’ ಆಗುತ್ತದೆ. ಇಂಥ ಚಕ್ಕುಬಂದಿ (ಗಡಿಗಳ ವಿವರ) ಎಷ್ಟೋ ಹಳೆಯ ಅನುವಾದಗಳಲ್ಲಿ ಸಿಗುತ್ತದೆ. ಓದುವವರಿಗೆ ಉಸಿರು ಕಟ್ಟುತ್ತದೆ. ಎಲ್ಲದಕ್ಕೂ ಅಪಾಸ್ಟ್ರಫಿ ಎಸ್ ಹಾಕಿದರೂ ಅದೇ ಗತಿ. ಸ್ವಾನ್ ಹೇಳುವ ವಿಂಗಡಣೆ ಹಿಡಿದರೆ ಸಾಲು ತಾನೇ ಕೂತುಕೊಳ್ಳುತ್ತದೆ. ಗಡಿ ಜಮೀನಿನದ್ದು, ಜಮೀನು ವಸ್ತು, ಅಲ್ಲಿಗೆ ‘ಆಫ್’. ತಂದೆ ಅರ್ಜಿದಾರರಿಗೆ ಸೇರಿದವರು, ಅರ್ಜಿದಾರರು ಮನುಷ್ಯರು, ಅಲ್ಲಿಗೆ ಅಪಾಸ್ಟ್ರಫಿ ಎಸ್. ‘ದ ಈಸ್ಟರ್ನ್ ಬೌಂಡರಿ ಆಫ್ ದ ಅಪ್ಲಿಕೆಂಟ್ಸ್ ಫಾದರ್ಸ್ ಲ್ಯಾಂಡ್’. ಮುಗಿಯಿತು.

ಇನ್ನು ನನಗೆ ಅತಿ ಮುಖ್ಯವಾದ ಭಾಗ. ‘ಮೈ ಫ್ರೆಂಡ್’ ಮತ್ತು ‘ಎ ಫ್ರೆಂಡ್ ಆಫ್ ಮೈನ್’ ಇವೆರಡರ ನಡುವಿನ ಅಂತರ. ಮೇಲ್ನೋಟಕ್ಕೆ ಎರಡೂ ‘ನನ್ನ ಗೆಳೆಯ’ ಅಷ್ಟೇ. ಆದರೆ ‘ಮೈ ಫ್ರೆಂಡ್’ ಅಂದಾಗ ಒಬ್ಬ ನಿರ್ದಿಷ್ಟ ಗೆಳೆಯ ಕಣ್ಣ ಮುಂದಿದ್ದಾನೆ, ಯಾರ ಮಾತು ಅಂತ ಕೇಳುವವರಿಗೂ ಗೊತ್ತು ಅಂತ ಧ್ವನಿ. ‘ಎ ಫ್ರೆಂಡ್ ಆಫ್ ಮೈನ್’ ಅಂದರೆ ನನ್ನ ಗೆಳೆಯರಲ್ಲಿ ಒಬ್ಬ, ಯಾರು ಅಂತ ನಿಮಗೆ ಗೊತ್ತಿರಬೇಕಾಗಿಲ್ಲ. ಇಂಗ್ಲಿಷಿನಲ್ಲಿ ‘ಎ’ ಮತ್ತು ‘ಮೈ’ ಒಂದೇ ನಾಮಪದದ ಮುಂದೆ ಜೊತೆಯಾಗಿ ನಿಲ್ಲುವುದಿಲ್ಲ. ‘ಎ ಮೈ ಫ್ರೆಂಡ್’ ಅನ್ನುವ ಹಾಗಿಲ್ಲ. ಅದಕ್ಕೇ ‘ಆಫ್ ಮೈನ್’ ಹಿಂದೆ ಹೋಗುತ್ತದೆ. ಸ್ವಾನ್ ಈ ಕಾರಣವನ್ನು ಬಿಡಿಸಿ ಹೇಳುತ್ತಾರೆ. ಕಾರಣ ಗೊತ್ತಾದ ಮೇಲೆ ಬಾಯಿಪಾಠ ಬೇಕಿಲ್ಲ.

ವಂಶವೃಕ್ಷದಲ್ಲಿ ಈ ಅಂತರ ಹಣದ ಮಾತು, ಆಸ್ತಿಯ ಮಾತು. ‘ರವಿ ಮೃತ ರಾಮಪ್ಪನವರ ಮಗ’ ಅನ್ನುವ ಕನ್ನಡ ವಾಕ್ಯ ರಾಮಪ್ಪನವರಿಗೆ ಒಬ್ಬ ಮಗನೋ ಮೂವರೋ ಅಂತ ಹೇಳುವುದಿಲ್ಲ. ಇದನ್ನು ‘ರವಿ ಈಸ್ ದ ಸನ್ ಆಫ್ ದ ಲೇಟ್ ರಾಮಪ್ಪ’ ಅಂತ ಬರೆದರೆ ಆ ‘ದ’ ಒಬ್ಬನೇ ಮಗ ಅನ್ನುವ ಭಾವನೆ ಕೊಡುತ್ತದೆ. ‘ರವಿ ಈಸ್ ಎ ಸನ್ ಆಫ್ ದ ಲೇಟ್ ರಾಮಪ್ಪ’ ಅಂದರೆ ಬೇರೆ ಮಕ್ಕಳಿಗೂ ಜಾಗ ಉಳಿಯುತ್ತದೆ. ‘ರಾಮಪ್ಪಾಸ್ ಸನ್’ ಎರಡರ ನಡುವೆ ಇದೆ. ಅದು ಒಬ್ಬನೇ ಅಂತ ಖಚಿತವಾಗಿ ಹೇಳುವುದಿಲ್ಲ, ಆದರೆ ಓದುವವರು ಹಾಗೆ ತಿಳಿಯಲು ಎಡೆ ಇದೆ. ಇನ್ನು ನಮ್ಮ ಕೋರ್ಟು ಕಾಗದಗಳ ‘ರವಿ, ಸನ್ ಆಫ್ ರಾಮಪ್ಪ’ ಇದೆಯಲ್ಲ, ಅದರಲ್ಲಿ ‘ಎ’ ಇಲ್ಲ, ‘ದ’ ಇಲ್ಲ. ಅದು ತಂದೆಯ ಹೆಸರು ಮಾತ್ರ ಹೇಳುತ್ತದೆ, ಮಕ್ಕಳ ಲೆಕ್ಕಕ್ಕೆ ಕೈ ಹಾಕುವುದಿಲ್ಲ. ತುಂಬಾ ಒಳ್ಳೆಯ ರೂಢಿ ಅದು. ನಾನು ಅದನ್ನು ಎಂದೂ ಬಿಡಿಸಿ ಬರೆಯುವುದಿಲ್ಲ.

ಒಮ್ಮೆ ಒಬ್ಬ ಕಿರಿಯ ವಕೀಲರು ಇದೇ ವಿಷಯಕ್ಕೆ ಕೇಳಿದ್ದರು: ‘ಮೇಡಂರೀ, ಮಗ ಅಂದ್ರ ಸನ್ ಅಷ್ಟ ಅಲ್ಲೇನ್ರಿ? ಅದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ?’ ಮೂವರು ಅಣ್ಣತಮ್ಮಂದಿರು ಇರುವ ಮನೆಯ ಕಾಗದ ಅವರ ಕೈಯಲ್ಲೇ ಇತ್ತು. ಅದರಲ್ಲಿ ‘ದ ಸನ್’ ಅಂತ ಬರೆದರೆ ಉಳಿದ ಇಬ್ಬರು ಎಲ್ಲಿ ಹೋಗಬೇಕು ಅಂತ ನಾನು ತೋರಿಸಿದೆ. ಈಗ ಅವರ ಆಫೀಸಿನಲ್ಲೂ ಸ್ವಾನ್ ಪುಸ್ತಕ ಇದೆ.

ಅಲ್ಪವಿರಾಮ ಕೂಡ ಇದೇ ಕೆಲಸ ಮಾಡುತ್ತದೆ. ‘ಮೈ ಬ್ರದರ್ ರವಿ’ ಅಂತ ಒಟ್ಟಿಗೆ ಬರೆದರೆ ಬೇರೆ ತಮ್ಮಂದಿರೂ ಇರಬಹುದು, ನಾನು ಹೇಳುತ್ತಿರುವುದು ರವಿಯ ಬಗ್ಗೆ. ‘ಮೈ ಬ್ರದರ್’ ಆದ ಮೇಲೆ ಅಲ್ಪವಿರಾಮ ಹಾಕಿ ‘ರವಿ’ ಅಂದರೆ ಇರುವವನೇ ಒಬ್ಬ, ಅವನ ಹೆಸರು ರವಿ.

ಫೋಟೋ ವಿಷಯಕ್ಕೆ ಬರೋಣ. ‘ಅರ್ಜಿದಾರರ ಫೋಟೋ’ ಅನ್ನುವ ಕನ್ನಡದ ಮಾತಿಗೆ ಇಂಗ್ಲಿಷಿನಲ್ಲಿ ಮೂರು ರೂಪ. ‘ಎ ಫೋಟೋ ಆಫ್ ದ ಅಪ್ಲಿಕೆಂಟ್’ ಅಂದರೆ ಫೋಟೋದಲ್ಲಿ ಕಾಣುವವರು ಅರ್ಜಿದಾರರು. ‘ಎ ಫೋಟೋ ಆಫ್ ದ ಅಪ್ಲಿಕೆಂಟ್ಸ್’, ಕೊನೆಯಲ್ಲಿ ಅಪಾಸ್ಟ್ರಫಿ ಎಸ್ ಸೇರಿದರೆ, ಫೋಟೋ ಅವರ ಬಳಿ ಇರುವಂಥದ್ದು ಅಥವಾ ಅವರು ತೆಗೆದದ್ದು. ಅದರಲ್ಲಿ ಕಾಣುವುದು ಅವರ ಎಮ್ಮೆಯೂ ಆಗಿರಬಹುದು. ‘ದ ಅಪ್ಲಿಕೆಂಟ್ಸ್ ಫೋಟೋ’ ಅಂದರೆ ಎರಡೂ ಆಗಬಹುದು. ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಮೂರನೆಯದೂ ನಡೆಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಗಂಡ ಹೆಂಡತಿ ವ್ಯಾಜ್ಯದಲ್ಲಿ ಸಾಕ್ಷಿಯಾಗಿ ಫೋಟೋಗಳು ಬಂದಾಗ ಹಾಗಲ್ಲ. ತೆಗೆದವರು ಯಾರು, ಇಟ್ಟುಕೊಂಡವರು ಯಾರು, ಅದರಲ್ಲಿ ಇರುವವರು ಯಾರು, ಎಲ್ಲ ಬೇರೆ ಬೇರೆಯಾಗಿ ಹೇಳಬೇಕು. ಅಲ್ಲಿ ನಾನು ಒಂದು ಎಸ್‌ನ ಮೇಲೆ ಭಾರ ಹಾಕುವುದಿಲ್ಲ. ‘ಟೇಕನ್ ಬೈ’, ‘ಶೋಯಿಂಗ್’ ಅಂತ ಬಿಡಿಸಿ ಬರೆಯುತ್ತೇನೆ. ಇಷ್ಟಕ್ಕೂ ಕೆಲವು ಸಂಬಂಧಗಳಲ್ಲಿ ಈ ಕೊನೆಯ ಎಸ್ ಇದ್ದರೂ ಇಲ್ಲದಿದ್ದರೂ ಅರ್ಥ ಬದಲಾಗುವುದಿಲ್ಲ. ‘ಎ ಫ್ರೆಂಡ್ ಆಫ್ ಮೈ ಫಾದರ್’, ‘ಎ ಫ್ರೆಂಡ್ ಆಫ್ ಮೈ ಫಾದರ್ಸ್’ ಎರಡೂ ಬಳಕೆಯಲ್ಲಿವೆ.

ಜಂಟಿ ಒಡೆತನಕ್ಕೂ ಇಂಗ್ಲಿಷ್ ಸೊಗಸಾದ ದಾರಿ ಇಟ್ಟಿದೆ. ‘ರವಿ ಅಂಡ್ ಲಕ್ಷ್ಮೀಸ್ ಹೌಸ್’ ಅಂದರೆ ಕೊನೆಯ ಹೆಸರಿಗೆ ಮಾತ್ರ ಎಸ್, ಇಬ್ಬರಿಗೂ ಸೇರಿದ ಮನೆ. ‘ರವೀಸ್ ಅಂಡ್ ಲಕ್ಷ್ಮೀಸ್ ಹೌಸಸ್’ ಅಂದರೆ ಇಬ್ಬರಿಗೂ ಎಸ್, ಅವನ ಮನೆ ಬೇರೆ, ಅವಳ ಮನೆ ಬೇರೆ. ಜಂಟಿ ಖಾತೆಯೋ ಪ್ರತ್ಯೇಕ ಖಾತೆಯೋ ಅನ್ನುವ ದೊಡ್ಡ ಪ್ರಶ್ನೆ ಒಂದು ಸಣ್ಣ ಚಿಹ್ನೆಯಲ್ಲಿ ಕೂತಿದೆ.

ಬಾಡಿಗೆ ಕರಾರಿನಲ್ಲಿ ಕಾಲದ ಷಷ್ಠಿ ಬರುತ್ತದೆ. ಒಂದು ತಿಂಗಳ ನೋಟಿಸ್ ಆದರೆ ‘ಒನ್ ಮಂತ್ಸ್ ನೋಟಿಸ್’, ಚಿಹ್ನೆ ಎಸ್‌ಗಿಂತ ಮೊದಲು. ಎರಡು ತಿಂಗಳ ನೋಟಿಸ್ ಆದರೆ ‘ಟೂ ಮಂತ್ಸ್ ನೋಟಿಸ್’, ಚಿಹ್ನೆ ಎಸ್ ಆದ ಮೇಲೆ. ಕಿವಿಗೆ ಎರಡೂ ಒಂದೇ, ಕಣ್ಣಿಗೆ ಬೇರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ಪದ್ಧತಿ ಇತ್ತಲ್ಲ, ಆ ಕರಾರುಗಳಲ್ಲಿ ‘ಟೆನ್ ಮಂತ್ಸ್ ರೆಂಟ್’ ಅಂತ ಬರೆಯುವಾಗ ಚಿಹ್ನೆ ಕೊನೆಗೇ ಬರಬೇಕು. ಶಾಲೆಗಳು ಸೆಪ್ಟೆಂಬರ್ 5ಕ್ಕೆ ಹಾಕುವ ಬ್ಯಾನರಿನಲ್ಲೂ ಇದೇ. ಎಲ್ಲ ಶಿಕ್ಷಕರ ದಿನ ಆದ್ದರಿಂದ ‘ಟೀಚರ್ಸ್ ಡೇ’ಯಲ್ಲಿ ಎಸ್ ಆದ ಮೇಲೆ ಚಿಹ್ನೆ. ಆದರೆ ‘ಮದರ್ಸ್ ಡೇ’ಯಲ್ಲಿ ಎಸ್‌ಗಿಂತ ಮೊದಲು. ಅಮೆರಿಕದಲ್ಲಿ ಆ ದಿನಕ್ಕಾಗಿ ಹೋರಾಡಿದ ಆ್ಯನಾ ಜಾರ್ವಿಸ್ ಅದನ್ನು ಏಕವಚನದಲ್ಲೇ ಇಡಬೇಕೆಂದಿದ್ದರು. ಪ್ರತಿ ಮನೆಯವರೂ ತಮ್ಮ ತಮ್ಮ ತಾಯಿಯನ್ನು ನೆನೆಯಲಿ ಅನ್ನುವುದು ಅವರ ಆಸೆ. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಘೋಷಿಸಿದಾಗಲೂ ಅದು ಏಕವಚನವಾಗಿಯೇ ಉಳಿಯಿತು. ನವೆಂಬರ್ 14ರ ‘ಚಿಲ್ಡ್ರನ್ಸ್ ಡೇ’ಗೆ ಗೊಂದಲವೇ ಇಲ್ಲ. ‘ಚಿಲ್ಡ್ರನ್’ ಮೊದಲೇ ಬಹುವಚನ, ಹಾಗಾಗಿ ಚಿಹ್ನೆ ಎಸ್‌ಗಿಂತ ಮೊದಲು.

ಸ್ವಾನ್ ಪುಸ್ತಕದಲ್ಲಿ ನಾನು ಓದಿ ಖುಷಿಪಟ್ಟ ಭಾಗ ಪ್ರಾಣಿಗಳದ್ದು. ಜೀವಂತ ಪ್ರಾಣಿಯಿಂದ ಬರುವುದಕ್ಕೆ ಸಾಮಾನ್ಯವಾಗಿ ಅಪಾಸ್ಟ್ರಫಿ ಎಸ್: ‘ಕೌಸ್ ಮಿಲ್ಕ್’, ‘ಲ್ಯಾಂಬ್ಸ್ ವೂಲ್’, ‘ಎ ಬರ್ಡ್ಸ್ ಎಗ್’. ಕೊಂದು ಪಡೆಯುವುದಕ್ಕೆ ಎರಡು ಪದ ಪಕ್ಕ ಪಕ್ಕ: ‘ಚಿಕನ್ ಸೂಪ್’, ‘ಲ್ಯಾಂಬ್ ಚಾಪ್’, ‘ಫಾಕ್ಸ್ ಫರ್’. ಹಸು ಹಾಲು ಕೊಟ್ಟ ಮೇಲೂ ಕೊಟ್ಟಿಗೆಯಲ್ಲಿ ಇರುತ್ತದೆ, ಆ ಹಾಲಿಗೆ ಒಡತಿ ಇದ್ದಾಳೆ. ಸೂಪಿಗೆ ಕೋಳಿ ಒಡತಿ ಆಗಲಾರದು. ಭಾಷೆ ಇಷ್ಟು ಸೂಕ್ಷ್ಮವನ್ನು ಯಾರೂ ಕೂತು ನಿಯಮ ಮಾಡದೆ ತಾನೇ ಬೆಳೆಸಿಕೊಂಡಿದೆ ಅನ್ನುವುದು ನನಗೆ ದೊಡ್ಡ ಸೋಜಿಗ. ಇದು ಕಲ್ಲಿನಲ್ಲಿ ಕೊರೆದ ಕಟ್ಟಲೆ ಅಲ್ಲ, ನಿಜ. ಬ್ರಿಟನ್ನಿನವರು ‘ಗೋಟ್ಸ್ ಚೀಸ್’ ಅನ್ನುವುದನ್ನು ಅಮೆರಿಕದವರು ‘ಗೋಟ್ ಚೀಸ್’ ಅನ್ನುತ್ತಾರೆ. ಆದರೂ ದಿಕ್ಕು ತೋರಿಸಲು ಸಾಕು.

ಹೆಸರುಗಳ ಲೋಕದಲ್ಲಿ ಮಾತ್ರ ಯಾವ ಪುಸ್ತಕದ ನಿಯಮವೂ ನಡೆಯುವುದಿಲ್ಲ. ಇಟ್ಟವರು ಹೇಗೆ ಇಟ್ಟರೋ ಹಾಗೆ. ಲಂಡನ್ನಿನ ರೈಲು ನಕ್ಷೆಯಲ್ಲಿ ‘ಅರ್ಲ್ಸ್ ಕೋರ್ಟ್’ ನಿಲ್ದಾಣಕ್ಕೆ ಅಪಾಸ್ಟ್ರಫಿ ಇದೆ, ಅಲ್ಲೇ ಹತ್ತಿರದ ‘ಬ್ಯಾರನ್ಸ್ ಕೋರ್ಟ್’ಗೆ ಇಲ್ಲ. ಕ್ರಿಕೆಟ್ ಪ್ರೀತಿಸುವ ನಮ್ಮವರಿಗೆ ಲಾರ್ಡ್ಸ್ ಮೈದಾನ ಗೊತ್ತೇ ಇದೆ. ಅದು ಪ್ರಭುಗಳ ಮೈದಾನ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಅದು ಥಾಮಸ್ ಲಾರ್ಡ್ ಅನ್ನುವವರ ಮೈದಾನ. ಅಪಾಸ್ಟ್ರಫಿ ಎಸ್‌ಗಿಂತ ಮೊದಲು ಇದೆ, ಅಂದರೆ ಒಬ್ಬರೇ ಲಾರ್ಡ್. ಮೈದಾನ ಅನ್ನುವ ಪದ ಬಿಟ್ಟುಹೋಗಿ ‘ಲಾರ್ಡ್ ಅವರದ್ದು’ ಅನ್ನುವುದಷ್ಟೇ ಉಳಿದಿದೆ. ನಮ್ಮಲ್ಲೂ ಇಂಥವು ಇವೆ. ಮೈಸೂರಿನ ಮಹಾರಾಜ ಕಾಲೇಜಿನ ಇಂಗ್ಲಿಷ್ ಹೆಸರಿನಲ್ಲಿ ಅಪಾಸ್ಟ್ರಫಿ ಎಸ್ ಇದೆ. ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್ ಸ್ಕೂಲ್ ಹೆಸರಿನಲ್ಲಿ ಚಿಹ್ನೆ ಎಸ್ ಆದ ಮೇಲೆ ಬರುತ್ತದೆ. ಅಂಕಪಟ್ಟಿ, ಟಿಸಿ ಅನುವಾದ ಮಾಡುವಾಗ ನಾನು ಸಂಸ್ಥೆಯ ಲೆಟರ್‌ಹೆಡ್ ನೋಡಿ ಅದರಂತೆಯೇ ಬರೆಯುತ್ತೇನೆ.

ಮಾತಿನ ಧಾಟಿಯ ವಿಷಯವನ್ನೂ ಹೇಳಲೇಬೇಕು. ‘ಯುವರ್ ಬ್ರದರ್’ ಅಂದರೆ ನಿಮ್ಮ ತಮ್ಮ, ಅಷ್ಟೇ. ‘ದಟ್ ಬ್ರದರ್ ಆಫ್ ಯುವರ್ಸ್’ ಅಂದರೆ ‘ಆ ನಿಮ್ಮ ತಮ್ಮ ಇದ್ದಾನಲ್ಲ’ ಅನ್ನುವ ಹಾಗೆ. ಅದರಲ್ಲಿ ಸಿಟ್ಟು ಇರಬಹುದು, ಸಲಿಗೆ ಇರಬಹುದು, ಪ್ರೀತಿಯೂ ಇರಬಹುದು. ಕೌಟುಂಬಿಕ ಪ್ರಕರಣಗಳಲ್ಲಿ ವಾಟ್ಸ್ಆ್ಯಪ್ ಸಂದೇಶಗಳನ್ನು ಅನುವಾದ ಮಾಡಿಸಲು ತರುತ್ತಾರೆ. ‘ಆ ನಿನ್ನ ತಾಯಿ’ ಅಂತ ಒಬ್ಬರು ಬರೆದಿದ್ದರೆ ‘ಯುವರ್ ಮದರ್’ ಅಂತ ಹಾಕಿ ಸುಮ್ಮನಾಗುವುದು ಸರಿಯಲ್ಲ. ಬರೆದವರ ಧಾಟಿಯೂ ನ್ಯಾಯಾಧೀಶರ ಮುಂದೆ ಹೋಗಬೇಕು. ‘ದಟ್ ಮದರ್ ಆಫ್ ಯುವರ್ಸ್’ ಇರುವುದೇ ಅದಕ್ಕೆ.

ಈಗ ಪುಸ್ತಕದ ಕೊರತೆಗಳು. ಮೊದಲನೆಯದು, ಒಡೆತನದ ಮಾತೆಲ್ಲ ಒಂದೇ ಕಡೆ ಇಲ್ಲ. ಅಪಾಸ್ಟ್ರಫಿ ಎಸ್ ಒಂದು ಕಡೆ, ‘ಮೈ’ ಮತ್ತು ‘ಮೈನ್’ ಇನ್ನೊಂದು ಕಡೆ, ಎರಡು ನಾಮಪದ ಜೋಡಿಸುವುದು ಮತ್ತೊಂದು ಕಡೆ. ಹಿಂದಿನ ಆವೃತ್ತಿಗಳು ನಿಘಂಟಿನ ಹಾಗೆ ಅಕ್ಷರ ಕ್ರಮದಲ್ಲಿದ್ದವು. ನಾಲ್ಕನೆಯದರಲ್ಲಿ ವ್ಯಾಕರಣವನ್ನು ವಿಷಯವಾರು ಜೋಡಿಸಿದ್ದಾರೆ. ಓದಲು ಅದು ಒಳ್ಳೆಯದು, ಆದರೆ ಹುಡುಕುವವರು ಕೊನೆಯ ಅಕಾರಾದಿ ಸೂಚಿಯನ್ನು ನಂಬಿಯೇ ಹೋಗಬೇಕು. ನಾನು ಬಣ್ಣದ ಚೀಟಿ ಅಂಟಿಸಿಕೊಂಡಿದ್ದೇನೆ. ಎರಡನೆಯದು, ಅಭ್ಯಾಸಗಳಿಲ್ಲ. ಓದಿದ್ದು ಗಟ್ಟಿಯಾಗಬೇಕಾದರೆ ಬೇರೆ ಪುಸ್ತಕ ಬೇಕು. ಮೂರನೆಯದು ಕೊರತೆ ಅನ್ನುವುದಕ್ಕಿಂತ ಅದರ ಮಿತಿ. ಉದಾಹರಣೆಗಳೆಲ್ಲ ಅಲ್ಲಿನ ಬದುಕಿನವು. ನಮ್ಮ ಸೋದರಮಾವ, ಚಿಕ್ಕಪ್ಪ, ದೊಡ್ಡಮ್ಮ, ವಾರಗಿತ್ತಿಯರ ಸಂಬಂಧಗಳನ್ನು ಬಿಡಿಸಲು ‘ಮದರ್ಸ್ ಬ್ರದರ್’, ‘ಹಸ್ಬೆಂಡ್ಸ್ ಬ್ರದರ್ಸ್ ವೈಫ್’ ಇಂಥ ಸರಪಳಿಗಳು ಬೇಕಾಗುತ್ತವೆ. ಅವನ್ನು ನಾವೇ ಕಟ್ಟಿಕೊಳ್ಳಬೇಕು. ಅನುವಾದಕರು ಇದರಲ್ಲಿ ಜಿಪುಣತನ ಮಾಡಬಾರದು. ಸುಮ್ನೆ ‘ಅಂಕಲ್’ ಅಂತ ಬರೆದರೆ ತಾಯಿಯ ಕಡೆಯವರೋ ತಂದೆಯ ಕಡೆಯವರೋ ಅನ್ನುವುದು ಅಳಿಸಿ ಹೋಗುತ್ತದೆ. ಆಸ್ತಿಯ ಕಾಗದದಲ್ಲಿ ಅದೇ ಮುಖ್ಯ.

ಯಾರು ಕೊಳ್ಳಬೇಕು? ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವವರಿಗೆ, ಪಿಯುಸಿ ಮಕ್ಕಳಿಗೆ ಇದು ಭಾರ. ವಾಕ್ಯ ಮಾಡಲು ಬರುತ್ತದೆ, ಗಟ್ಟಿ ಮಾಡಿಕೊಳ್ಳಬೇಕು ಅನ್ನುವವರು ರೇಮಂಡ್ ಮರ್ಫಿ ಅವರ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’ ತೆಗೆದುಕೊಳ್ಳಲಿ. ಕೇಂಬ್ರಿಡ್ಜ್‌ನವರು 1985ರಿಂದ ತರುತ್ತಿರುವ ಪುಸ್ತಕ. ಎಡ ಪುಟದಲ್ಲಿ ವಿವರಣೆ, ಬಲ ಪುಟದಲ್ಲಿ ಅಭ್ಯಾಸ. ಅಪಾಸ್ಟ್ರಫಿ ಎಸ್‌ಗೂ ‘ಆಫ್’ಗೂ ಇರುವ ಅಂತರ, ‘ಎ ಫ್ರೆಂಡ್ ಆಫ್ ಮೈನ್’ ಎಲ್ಲ ಅದರಲ್ಲೂ ಇದೆ, ಚುಟುಕಾಗಿ. ‘ವೈನ್ ಗ್ಲಾಸ್’ ಅಂದರೆ ಖಾಲಿ ಇರಬಹುದಾದ ಲೋಟ, ‘ಎ ಗ್ಲಾಸ್ ಆಫ್ ವೈನ್’ ಅಂದರೆ ವೈನ್ ತುಂಬಿದ ಲೋಟ ಅನ್ನುವುದನ್ನು ಮರ್ಫಿಯಷ್ಟು ಸುಲಭವಾಗಿ ಹೇಳಿದವರನ್ನು ನಾನು ನೋಡಿಲ್ಲ.

ಇಂಗ್ಲಿಷ್ ಮೇಷ್ಟ್ರುಗಳು, ಅನುವಾದಕರು, ಕಾಗದ ಪತ್ರ ತಯಾರಿಸುವ ಕಿರಿಯ ವಕೀಲರು, ಪತ್ರಿಕೆಯ ಡೆಸ್ಕಿನಲ್ಲಿ ಕೂತವರು ಮಾತ್ರ ಸ್ವಾನ್ ಪುಸ್ತಕವನ್ನೇ ಇಟ್ಟುಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಆ ಅರ್ಧ ಅಂಕ ಕಳೆದದ್ದು ಹುಡುಕಾಟದ ಕಷ್ಟಕ್ಕೆ.

ಕೊಳ್ಳುವಾಗ ಅಂಗಡಿಯಲ್ಲಿ ಆವೃತ್ತಿ ಕೇಳಿ, ಹೆಸರಿನ ಹಿಂದಿನ ಪುಟ ತೆಗೆದು ಇಸವಿ ನೋಡಿ. ಹೊಸದಕ್ಕೆ ಹಣ ಜಾಸ್ತಿ ಅನ್ನಿಸಿದರೆ 2005ರ ಮೂರನೇ ಆವೃತ್ತಿ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕರೂ ಬಿಡಬೇಡಿ. ಒಡೆತನದ ಮಟ್ಟಿಗೆ ಅದೂ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಅಕ್ಷರ ಕ್ರಮ ಇರುವುದರಿಂದ ಕೆಲವರಿಗೆ ಅದೇ ಹೆಚ್ಚು ಇಷ್ಟ ಆಗಬಹುದು. ಫೋಟೋಕಾಪಿ ಪ್ರತಿ ಮಾತ್ರ ತರಬೇಡಿ. ಅದರಲ್ಲಿ ಅಪಾಸ್ಟ್ರಫಿಯೇ ಮಾಸಿ ಹೋಗಿರುತ್ತದೆ. ಈ ವಿಷಯದಲ್ಲಿ ಅದು ಎಸ್‌ಗಿಂತ ಮೊದಲಿದೆಯೋ ಆಮೇಲಿದೆಯೋ ಅನ್ನುವುದು ಕಣ್ಣಿಗೆ ಸ್ಪಷ್ಟವಾಗಿ ಕಾಣಲೇಬೇಕು.